ಎರಡು ಕ್ಯಾಮರಾ, ಒಂದು ಮಗ್ಗ

"ದೀಪಾವಳಿ ಪಾಡ್ಯದ ಪೂಜಿ ಮುಗಿಸಿ ಮಗ್ಗ ಬಿಚ್ಚತೇನಿ, ತಮ್ಮಾ. ಅಷ್ಟರೊಳಗ ಬಂದು ಒಂದು ಚಲೋ ಫೋಟೋ ತಗದು ಕೊಡು." ಸುರೇಬಾನದಿಂದ ನನ್ನ ಸೋದರಮಾವ ದೂರವಾಣಿಯಲ್ಲಿ ಹೀಗೆ ಹೇಳಿದಾಗ ಗಣೇಶನ ಹಬ್ಬ ಆಗತಾನೆ ಕಳೆದಿತ್ತು. ಕೈಯಲ್ಲಿದ್ದುದು ಹೆಚ್ಚೆಂದರೆ ಎರಡು ತಿಂಗಳು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಛಾಯಾಗ್ರಹಣವೆಂಬುದು ಭಾನುವಾರಗಳ ವ್ಯಸನ, ಅದೂ ಬಹುಮಟ್ಟಿಗೆ ಸ್ನೇಹಿತರಿಂದ ಎರವಲು ತಂದ ಯಂತ್ರಗಳ ಮೇಲೆ ನಡೆಯತಕ್ಕದ್ದು. ಮಾವನ ಆ ಒಂದು ಮಾತಿನಿಂದಾಗಿ, ಬಹುಕಾಲ ಮುಂದೂಡುತ್ತ ಬಂದಿದ್ದ ಪ್ರಶ್ನೆಯನ್ನು ನಾನು ಇತ್ಯರ್ಥಪಡಿಸಲೇಬೇಕಾಯಿತು: ಕೊಳ್ಳುವುದಾದರೆ ಯಾವ ಕ್ಯಾಮರಾ?

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಸುರೇಬಾನವನ್ನು ಹೊರಗಿನವರು ಬಲ್ಲುದು ಶಬರಿಕೊಳ್ಳದ ಹೆಸರಿನಿಂದ. ರಾಮನಿಗೆ ತಾನು ರುಚಿನೋಡಿದ ಹಣ್ಣನ್ನು ಕೊಟ್ಟ ಶಬರಿ ಇಲ್ಲಿಯ ಗುಡ್ಡದ ಮಡಿಲಲ್ಲಿಯೇ ಇದ್ದಳೆಂದು ಜನರ ನಂಬಿಕೆ. ಅಲ್ಲಿ ಆಕೆಯ ಗುಡಿಯಿದೆ, ನೀರಿನ ಸೆಲೆಯಿದೆ. ಊರೊಳಗಿನ ಅನೇಕರಿಗಾದರೋ ಊರೆಂದರೆ ಮಗ್ಗದ ಸಪ್ಪಳ. ನನ್ನ ತಾಯಿಯ ತವರಿನಲ್ಲಿ, ಬಾಲ್ಯದ ಬೇಸಗೆಯ ರಜೆಗಳಲ್ಲಿ, ಬೆಳಗಾಯಿತೆಂದು ನಮಗೆ ತಿಳಿಸುತ್ತಿದ್ದುದು ಕೋಳಿಯಲ್ಲ, ಮಾವನ ಕುಣಿಮಗ್ಗ. ಮನೆಯ ನಡುವೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು, ಹಗ್ಗ ಎಳೆದು ಲಾಳಿ ಓಡಿಸುತ್ತ, ಆತ ನಲವತ್ತಕ್ಕೂ ಹೆಚ್ಚು ವರುಷ ಸೀರೆ ನೇಯ್ದಿದ್ದಾನೆ. ಮಕ್ಕಳು ಬೇರೆ ಉದ್ಯೋಗ ಹಿಡಿದರು. ಮೊಣಕಾಲು ಸಹಕರಿಸದಾಯಿತು. ಮಗ್ಗ ಬಿಚ್ಚಿದ ಮೇಲೆ ಕುಣಿಯನ್ನು ಮುಚ್ಚಿ ಅಲ್ಲಿ ಫರಸಿ ಹಾಸುವುದೆಂದು ನಿಶ್ಚಯವಾಗಿತ್ತು.

ಜೇಬಿನಲ್ಲಿರುವ ಮೊಬೈಲು ಸಾಲದೆ ಎಂದು ಓದುಗರು ಕೇಳಬಹುದು. ಈ ಪ್ರಶ್ನೆಯನ್ನು ನನ್ನ ಮನೆಯಲ್ಲಿಯೂ ಕೇಳಿದರು, ತುಸು ಬಿರುಸಾಗಿಯೇ ಕೇಳಿದರು. ಅದಕ್ಕೆ ನನ್ನ ಉತ್ತರ 2019ರ ಆಗಸ್ಟ್ ತಿಂಗಳಿನದು. ಆಗ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ದಂಡೆಯ ಹಳ್ಳಿಗಳಿಗೆ ನುಗ್ಗಿದಳು. ನನ್ನ ಅಕ್ಕನ ಮನೆಯೊಳಗೆ ಎದೆಮಟ್ಟ ನೀರು. ಮದುವೆಯ ಆಲ್ಬಮ್ಮು ಅಂಬಲಿಯಾಯಿತು. ಮಕ್ಕಳ ಚಿತ್ರಗಳಿದ್ದ ಮೊಬೈಲು ನೀರು ಕುಡಿದು ಮತ್ತೆ ಬಾಯಿ ಬಿಡಲಿಲ್ಲ. ಆದರೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಮದುವೆಯ ನೆಗೆಟಿವ್ ಪಟ್ಟಿಗಳಿದ್ದವು. ಅವು ಒಣಗಿ ಒಂದಕ್ಕೊಂದು ಅಂಟಿಕೊಳ್ಳುವ ಮುನ್ನವೇ ಶುದ್ಧ ನೀರಿನಲ್ಲಿ ಜಾಲಾಡಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಪಿನ್ನಿನಿಂದ ತೂಗುಬಿಟ್ಟೆವು. ಬಹುಪಾಲು ಉಳಿದವು. ಅಕ್ಕನ ಮದುವೆಯ ಚಿತ್ರಗಳನ್ನು ಇಂದು ಆಕೆಯ ಮಕ್ಕಳು ನೋಡುತ್ತಿರುವುದು ಆ ಡಬ್ಬಿಯ ಪುಣ್ಯ. ಮಾವನ ಮಗ್ಗವೂ ಅಂಥ ಒಂದು ಪಟ್ಟಿಯ ಮೇಲೆ ಇರಲಿ ಎಂಬುದು ನನ್ನ ಹಟವಾಯಿತು.

ಫಿಲ್ಮಿನ ರಿಫ್ಲೆಕ್ಸ್ ಕ್ಯಾಮರಾಗಳನ್ನು ಈಗ ಹೊಸದಾಗಿ ಕೊಳ್ಳುವುದು ಕಷ್ಟ. 2024ರಲ್ಲಿ ಪೆಂಟಾಕ್ಸ್ ಹೆಸರಿನ ಹೊಸದೊಂದು ಫಿಲ್ಮ್ ಕ್ಯಾಮರಾ ಹೊರಬಂತು, ನಿಜ. ಆದರೆ ಅದು ರಿಫ್ಲೆಕ್ಸ್ ಅಲ್ಲ, ಮೇಲಾಗಿ ಚೌಕಟ್ಟನ್ನು ಅರ್ಧ ಮಾಡಿ ತೆಗೆಯುವಂಥದು. ಆದ್ದರಿಂದ ಹಳೆಯದಕ್ಕೇ ಕೈಹಾಕಬೇಕು. ಪರಿಚಯದವರ ಮೂಲಕ ವಿಚಾರಿಸಿದಾಗ ಎರಡು ಯಂತ್ರಗಳು ಕಣ್ಣಿಗೆ ಬಿದ್ದವು. ನಿವೃತ್ತ ಶಿಕ್ಷಕರೊಬ್ಬರ ಕಪಾಟಿನಲ್ಲಿ ಪೆಂಟಾಕ್ಸ್ ಕೆ-1000. ಹುಬ್ಬಳ್ಳಿಯಲ್ಲಿ ಸ್ಟುಡಿಯೋ ಮುಚ್ಚುತ್ತಿದ್ದ ಒಬ್ಬರ ಬಳಿ ನಿಕಾನ್ ಎಫ್.ಎಂ.-2. ಮೊದಲನೆಯದು 1976ರಲ್ಲಿ ಹುಟ್ಟಿ 1997ರವರೆಗೆ ತಯಾರಾಗುತ್ತಿತ್ತು. ಮೂವತ್ತು ಲಕ್ಷಕ್ಕೂ ಮಿಕ್ಕು ಮಾರಾಟವಾಗಿ, ಜಗತ್ತಿನ ಅದೆಷ್ಟೋ ಛಾಯಾಗ್ರಹಣ ಶಾಲೆಗಳಲ್ಲಿ ಓನಾಮ ತಿದ್ದಿಸಿದ ಕ್ಯಾಮರಾ ಅದು. ಎರಡನೆಯದು 1982ರಿಂದ 2001ರವರೆಗೆ ಬಾಳಿತು. ವೃತ್ತಿನಿರತರು, ಬ್ಯಾಟರಿಗಳು ಕೈಕೊಟ್ಟಾಗಿನ ಆಪದ್ಬಂಧುವೆಂದು, ತಮ್ಮ ಚೀಲದ ತಳದಲ್ಲಿ ಇಟ್ಟುಕೊಳ್ಳುತ್ತಿದ್ದುದು ಇದನ್ನೇ.

ಎರಡರ ಒಡಲೂ ಒಂದೇ ತತ್ತ್ವದ್ದು. ಮಸೂರದಿಂದ ಬಂದ ಬೆಳಕು ಓರೆಯಾಗಿಟ್ಟ ಕನ್ನಡಿಗೆ ಬಡಿದು ಮೇಲೇರಿ, ಐಮೂಲೆಯ ಗಾಜಿನ ಗಟ್ಟಿಯಲ್ಲಿ ಸುತ್ತಿ, ನಮ್ಮ ಕಣ್ಣು ಸೇರುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲಕ್ಕೆ ಹಾರುತ್ತದೆ, ಷಟರಿನ ಪರದೆ ತೆರೆದು ಮುಚ್ಚುತ್ತದೆ, ಕನ್ನಡಿ ಮರಳಿ ಇಳಿಯುತ್ತದೆ. ಕನ್ನಡಿ ಮೇಲಿರುವ ಆ ಕ್ಷಣ ನೋಟದ ಕಿಂಡಿ ಕತ್ತಲೆ. ಅಂದರೆ ಚಿತ್ರಕ್ಕೆ ಸಿಕ್ಕ ಕ್ಷಣವನ್ನು ಚಿತ್ರ ತೆಗೆದವನೇ ಕಂಡಿರುವುದಿಲ್ಲ! ಯೋಚಿಸಿದಷ್ಟೂ ನನಗೆ ಇದು ವಿಚಿತ್ರವಾಗಿ ತೋರುತ್ತದೆ. ಎರಡರಲ್ಲಿಯೂ ಬ್ಯಾಟರಿ ಬೇಕಾದುದು ಬೆಳಕು ಅಳೆಯುವ ಮಾಪಕಕ್ಕೆ ಮಾತ್ರ. ಅದು ಸತ್ತರೂ ಎಲ್ಲ ವೇಗಗಳಲ್ಲಿ ಷಟರು ನಡೆಯುತ್ತದೆ. ಇಂದು ಕೊಳ್ಳುವವನು ಮೊದಲು ನೋಡತಕ್ಕ ಗುಣ ಇದು. ವಿದ್ಯುತ್ ಮಂಡಲವನ್ನೇ ನಂಬಿ ನಡೆಯುತ್ತಿದ್ದ ಆ ಕಾಲದ ಅನೇಕ ಚತುರ ಕ್ಯಾಮರಾಗಳು, ಅದು ಕೆಟ್ಟ ದಿನದಿಂದ ಬರಿಯ ಕಾಗದದೊತ್ತುಗಳಾಗಿವೆ.

ಕಾಗದದ ಮೇಲೆ ಇಬ್ಬರನ್ನೂ ತೂಗಿದರೆ ನಿಕಾನಿನ ತಟ್ಟೆಯೇ ಭಾರ. ಕೆ-1000ದಲ್ಲಿ ಅತಿ ವೇಗವೆಂದರೆ ಸೆಕೆಂಡಿನ 1/1000 ಭಾಗ, ಎಫ್.ಎಂ.-2ರಲ್ಲಿ 1/4000. ಮೊದಲನೆಯದರ ಪರದೆ ಬಟ್ಟೆಯದು, ಅಡ್ಡಡ್ಡ ಓಡುತ್ತದೆ. ಎರಡನೆಯದರದು ಲೋಹದ ತೆಳು ಹಲಗೆಗಳು, ಮೇಲಿನಿಂದ ಕೆಳಕ್ಕೆ ಓಡುತ್ತವೆ. ದಾರಿ ಗಿಡ್ಡವಾದುದರಿಂದಲೇ ಆ ವೇಗ. ಮಿಂಚುದೀಪವನ್ನು ಕೂಡಿಸಿ ಬಳಸಬೇಕಾದರೆ ಕೆ-1000 1/60ಕ್ಕೆ ನಿಲ್ಲಬೇಕು. ಎಫ್.ಎಂ.-2 ಆರಂಭದಲ್ಲಿ 1/200ಕ್ಕೂ, 1984ರ ತಿದ್ದುಪಡಿಯ ಬಳಿಕ 1/250ಕ್ಕೂ ಒಪ್ಪುತ್ತದೆ. ತಾನಾಗಿ ಚಿತ್ರ ತೆಗೆಯುವ ಗಡಿಯಾರ, ನಿಚ್ಚಳತೆಯ ಆಳವನ್ನು ಮೊದಲೇ ತೋರಿಸುವ ಸನ್ನೆ, ಒಂದೇ ಚೌಕಟ್ಟಿನ ಮೇಲೆ ಎರಡು ಚಿತ್ರ ಹಿಡಿಯುವ ಸೌಕರ್ಯ, ಇವೆಲ್ಲ ನಿಕಾನಿಗೆ ಇವೆ, ಪೆಂಟಾಕ್ಸಿಗೆ ಇಲ್ಲ. ಇಷ್ಟಾಗಿ ನಿಕಾನು ಸುಮಾರು 540 ಗ್ರಾಂ, ಪೆಂಟಾಕ್ಸು 620.

ಮಾಪಕದ ಮಾತು ಬಂದಾಗಲೂ ಅಷ್ಟೆ. ಕೆ-1000ದಲ್ಲಿ ಕಿಂಡಿಯ ಅಂಚಿಗೆ ಒಂದು ಸೂಜಿ. ಅದು ನಡುವೆ ನಿಂತರೆ ಬೆಳಕು ಸರಿ. ಹಗಲಿನಲ್ಲಿ ಇದಕ್ಕಿಂತ ಸುಲಭವಾದುದಿಲ್ಲ, ಮಕ್ಕಳೂ ಕಲಿಯುತ್ತಾರೆ. ಆದರೆ ಕತ್ತಲೆ ಕೋಣೆಯಲ್ಲಿ ಕರಿಯ ಹಿನ್ನೆಲೆಯ ಮೇಲೆ ಕರಿಯ ಸೂಜಿ ಕಾಣುವುದು ಹೇಗೆ? ಅದರ ಬೆಳಕಿನ ಕಣ್ಣು ಕೂಡ ಹಳೆಯ ಕ್ಯಾಡ್ಮಿಯಂ ಸಲ್ಫೈಡ್ ಜಾತಿಯದಾದುದರಿಂದ ಮಂದಪ್ರಕಾಶದಲ್ಲಿ ನಿಧಾನ. ಎಫ್.ಎಂ.-2ರಲ್ಲಿ ಕೂಡಿಸು, ಸೊನ್ನೆ, ಕಳೆ ಎಂಬ ಮೂರು ಚಿಹ್ನೆಗಳು ಕೆಂಪಗೆ ಹೊತ್ತಿಕೊಳ್ಳುತ್ತವೆ, ಗುಡಿಯ ಗರ್ಭಗೃಹದೆದುರಿನಲ್ಲಿಯೂ ಓದಿಸಿಕೊಳ್ಳುತ್ತವೆ. ಷಟರಿನ ವೇಗವೂ ಕಿಂಡಿಯೊಳಗೇ ಕಾಣುತ್ತದೆ. ನಿಕಾನಿನಲ್ಲಿ ನನಗೆ ತೊಡಕಾದುದು ಒಂದೇ: ಮಾಪಕ ಎಚ್ಚರಗೊಳ್ಳಬೇಕಾದರೆ ಫಿಲಂ ಎಳೆಯುವ ಸನ್ನೆಯನ್ನು ಸ್ವಲ್ಪ ಹೊರಕ್ಕೆ ಎಳೆದಿರಬೇಕು, ಮತ್ತು ಎಡಗಣ್ಣಿನಿಂದ ನೋಡುವ ನನ್ನಂಥವನ ಹುಬ್ಬಿಗೆ ಅದು ತಿವಿಯುತ್ತದೆ. ಪೆಂಟಾಕ್ಸಿನ ಮಾಪಕಕ್ಕೋ ಸ್ವಿಚ್ಚೇ ಇಲ್ಲ. ಮಸೂರಕ್ಕೆ ಮುಚ್ಚಳ ಹಾಕಿದರೆ ನಿದ್ರೆ, ತೆಗೆದರೆ ಎಚ್ಚರ. ಮುಚ್ಚಳ ಮರೆತವನ ಬ್ಯಾಟರಿ ವ್ಯರ್ಥವಾಗಿ ಸವೆಯುತ್ತದೆ.

ಅಂಕಿಗಳು ಕಾಗದದಿಂದಿಳಿದು ಊರಿಗೆ ಬಂದಾಗ ಏನಾಗುತ್ತದೆಂಬುದನ್ನು ನೋಡೋಣ. ನಮ್ಮ ಬಯಲುಸೀಮೆಯ ಮಧ್ಯಾಹ್ನದ ಬಿಸಿಲಿನಲ್ಲಿ 400 ವೇಗದ ಫಿಲ್ಮಿಗೆ ಎಫ್/16 ಕಿಂಡಿ, 1/500 ಸೆಕೆಂಡು ಸಾಕು. ಹಿನ್ನೆಲೆಯನ್ನು ಮಬ್ಬುಗೊಳಿಸಲು ಕಿಂಡಿಯನ್ನು ಅಗಲಿಸಹೊರಟರೆ, ಕೆ-1000 ಎಫ್/11ರಲ್ಲಿ 1/1000ಕ್ಕೆ ಮುಟ್ಟಿ ಕೈಚೆಲ್ಲುತ್ತದೆ. ಎಫ್.ಎಂ.-2 ಎಫ್/5.6ರವರೆಗೆ ಹೋಗಬಲ್ಲದು. ಇನ್ನೂ ದೊಡ್ಡ ವ್ಯತ್ಯಾಸ ನಮ್ಮ ಕಡೆಯ ಉಡುಪಿನಲ್ಲಿದೆ. ತಲೆಗೆ ರುಮಾಲು ಸುತ್ತಿದ ಗಂಡಸು, ಸೆರಗು ಹೊದ್ದ ಹೆಂಗಸು ನೆತ್ತಿಯ ಬಿಸಿಲಲ್ಲಿ ನಿಂತರೆ ಕಣ್ಣುಗಳ ಜಾಗದಲ್ಲಿ ಎರಡು ಕರಿಗುಳಿಗಳು. ಅಲ್ಲಿಗೆ ಮಿಂಚುದೀಪದ ಬೆಳಕು ತುಂಬಬೇಕು. ಅದೇ 400ರ ಫಿಲ್ಮಿನಲ್ಲಿ 1/60ಕ್ಕೆ ಬಿಸಿಲು ಹಿಡಿಯಬೇಕಾದರೆ ಎಫ್/45ರಷ್ಟು ಕಿರಿದಾದ ಕಿಂಡಿ ಬೇಕಾಗುತ್ತದೆ. ಮಾಮೂಲಿ ಮಸೂರ ಎಫ್/22ಕ್ಕೆ ಮುಗಿಯುತ್ತದೆ. 1/250ರ ನಿಕಾನಿಗೆ ಆ ಎಫ್/22 ಸರಿಯಾಗಿ ಸಾಕಾಗುತ್ತದೆ. ಅಂತೂ ಜಾತ್ರೆ, ಮೆರವಣಿಗೆ, ಮದುವೆಯ ಅಂಗಳಗಳಲ್ಲಿ ಓಡಾಡುವವನು ಹೆಚ್ಚು ಯೋಚಿಸದೆ ನಿಕಾನ್ ಕೊಳ್ಳುವುದು ಲೇಸು. ಇದರಲ್ಲಿ ನನಗೆ ಸಂದೇಹವಿಲ್ಲ.

ನನಗೆ ಬೇಕಾಗಿದ್ದುದು ಮಾತ್ರ ಜಾತ್ರೆಯಲ್ಲ. ಒಂದು ಕೋಣೆ, ಒಂದು ಕಿಟಕಿ, ಒಬ್ಬ ಮನುಷ್ಯ. ಮೊಬೈಲಿನ ಮಾಪಕದಿಂದ ಮೊದಲೇ ಅಳೆದು ನೋಡಿದ್ದೆ: ಬೆಳಗಿನ ಒಂಬತ್ತು ಗಂಟೆಗೆ ಆ ಕೋಣೆಯಲ್ಲಿ ಸಿಗುವುದು ಎಫ್/2 ಕಿಂಡಿಗೆ 1/30 ಸೆಕೆಂಡಿನಷ್ಟು ಬೆಳಕು. ಅಲ್ಲಿ 1/4000 ಇದ್ದೂ ಇಲ್ಲದಂತೆ. ಮಿಂಚುದೀಪ ಹಚ್ಚಿದರೆ ಬೆಳಕೇನೋ ಬಂದೀತು, ಆದರೆ ನಾನು ಕಾಣುತ್ತ ಬೆಳೆದ ಕೋಣೆ ಹೋದೀತು. ಹೀಗೆ ನಿಕಾನಿನ ಎರಡು ದೊಡ್ಡ ಹೆಚ್ಚಳಗಳು ನನ್ನ ಲೆಕ್ಕದಿಂದ ಬಿದ್ದುಹೋದವು. ಉಳಿದುದು ಕೆಂಪುದೀಪದ ಮಾಪಕವೊಂದೆ.

ಇನ್ನು ಹಣ. ಪೆಂಟಾಕ್ಸಿಗೆ 50 ಮಿಲಿಮೀಟರಿನ ಎಫ್/2 ಮಸೂರ ಸಹಿತ ಶಿಕ್ಷಕರು ಕೇಳಿದ್ದು ಹದಿನಾಲ್ಕು ಸಾವಿರ. ನಿಕಾನಿನ ಬರಿ ಒಡಲಿಗೆ ಮೂವತ್ತು, ಅದಕ್ಕೊಪ್ಪುವ ಮಸೂರಕ್ಕೆ ಮತ್ತೆ ಎಂಟು. ಇಪ್ಪತ್ತುನಾಲ್ಕು ಸಾವಿರದ ಅಂತರ. ಒಂದು ಸುರುಳಿ ಫಿಲಂ ಕೊಂಡು, ಅಂಚೆಯಲ್ಲಿ ಬೆಂಗಳೂರಿಗೆ ಕಳಿಸಿ ತೊಳೆಸಿ, ಪ್ರತಿ ತರಿಸಿಕೊಳ್ಳಲು ನನಗೆ ಹತ್ತಿರ ಹತ್ತಿರ ಸಾವಿರದ ಐದು ನೂರು ತಗಲುತ್ತದೆ. ಅಂದರೆ ಆ ಅಂತರದಲ್ಲಿ ಹದಿನಾರು ಸುರುಳಿ, 576 ಚಿತ್ರ. ಕ್ಯಾಮರಾ ಕೊಂಡು ಫಿಲ್ಮಿಗೆ ಕಾಸಿಲ್ಲದೆ ಕೂತವರನ್ನು ನಾನು ಬಲ್ಲೆ. ಎತ್ತು ಕೊಂಡು ಮೇವಿಗೆ ಸಾಲ ಮಾಡಿದಂತೆ ಅದು.

ಮಸೂರದ ಮಾತೆತ್ತಿದೆನಲ್ಲ, ಅದನ್ನು ಇನ್ನಷ್ಟು ಹೇಳಬೇಕು. ಕ್ಯಾಮರಾದ ಒಡಲನ್ನು ಕೊಳ್ಳುವುದೆಂದರೆ ಬೀಗತನ ಬೆಳೆಸಿದ ಹಾಗೆ. ಒಬ್ಬರೊಡನೆ ಅಲ್ಲ, ಇಡೀ ಮನೆತನದೊಡನೆ ಸಂಬಂಧ. ಪೆಂಟಾಕ್ಸಿನ 'ಕೆ' ಮೂತಿ 1975ರದು. ಬೇರೆ ಹಲವು ಕಂಪನಿಗಳೂ ಅದಕ್ಕೆ ಹೊಂದುವ ಮಸೂರ ಮಾಡಿದವಾದ್ದರಿಂದ ಅಗ್ಗದಲ್ಲಿ ದೊರೆಯುತ್ತವೆ. ನಿಕಾನಿನ 'ಎಫ್' ಮೂತಿ 1959ರಷ್ಟು ಹಳೆಯದು, ವಂಶವೂ ವಿಶಾಲ. ಆದರೆ 1977ಕ್ಕಿಂತ ಹಿಂದಿನ, ತಿದ್ದುಪಡಿಯಾಗದ ಮಸೂರಗಳನ್ನು ಎಫ್.ಎಂ.-2ಕ್ಕೆ ಹಚ್ಚಕೂಡದು. ಒತ್ತಿ ಕೂಡಿಸಹೋದರೆ ಕ್ಯಾಮರಾದ ಅಂಚಿನ ಕೀಲಿಗೆ ಪೆಟ್ಟು. ಅಜ್ಜನ ಕಾಲದ ನಿಕಾನ್ ಮಸೂರ ಮನೆಯಲ್ಲಿದೆಯೆಂದು ಹಿಗ್ಗುವವರು ಇದನ್ನು ನೆನಪಿಡಬೇಕು.

ಹಳೆಯ ಯಂತ್ರದ ವಿಷಯದಲ್ಲಿ ಮಾದರಿಯ ಹೆಸರಿಗಿಂತ ಎದುರಿಗಿರುವ ಆ ಒಂದು ಯಂತ್ರದ ಆರೋಗ್ಯವೇ ಮುಖ್ಯ. ಫಿಲಂ ಇಲ್ಲದೆ ಹಿಂಬಾಗಿಲು ತೆರೆದು, ಬೆಳ್ಳಗಿನ ಗೋಡೆಯತ್ತ ಹಿಡಿದು, ಒಂದೊಂದು ವೇಗದಲ್ಲಿಯೂ ಗುಂಡಿ ಒತ್ತಿ ನೋಡಿದೆ. ಹುಬ್ಬಳ್ಳಿಯ ನಿಕಾನ್ ನಿರ್ದೋಷಿ. ಶಿಕ್ಷಕರ ಪೆಂಟಾಕ್ಸಿನಲ್ಲಿ 1/1000ಕ್ಕೆ ಬಂದಾಗ ಚೌಕಟ್ಟಿನ ಒಂದು ಅಂಚು ಕಪ್ಪಾಗಿ ಕಂಡಿತು: ಬಟ್ಟೆಯ ಎರಡು ಪರದೆಗಳಲ್ಲಿ ಹಿಂದಿನದು ಮುಂದಿನದನ್ನು ಅಟ್ಟಿ ಹಿಡಿಯುತ್ತಿದೆ ಎಂದರ್ಥ. 1/500ರಿಂದ ಕೆಳಗೆ ಎಲ್ಲವೂ ಸರಿ. ಒಂದು ಸೆಕೆಂಡಿನ ವೇಗವನ್ನು ಗಡಿಯಾರದ ಸಪ್ಪಳಕ್ಕೆ ಹೋಲಿಸಿದರೆ ತಾಳ ತಪ್ಪಿರಲಿಲ್ಲ. ಬಾಗಿಲ ಸಂದಿನಲ್ಲಿ ಬೆಳಕು ತಡೆಯುವ ಸ್ಪಂಜು ಮಾತ್ರ ಡಾಂಬರಿನಂತೆ ಕರಗಿ ಬೆರಳಿಗೆ ಅಂಟಿತು. ಈ ವಯಸ್ಸಿನ ಎಲ್ಲ ಕ್ಯಾಮರಾಗಳ ರೋಗವದು, ನಿಕಾನಿಗೂ ತಪ್ಪಿದ್ದಲ್ಲ. ದೋಷವನ್ನು ಶಿಕ್ಷಕರಿಗೆ ತೋರಿಸಿದೆ. ಅವರು ಚೌಕಾಸಿಗೆ ಎಡೆಗೊಡದೆ ತಾವಾಗಿಯೇ ಎರಡು ಸಾವಿರ ಇಳಿಸಿದರು. ಹನ್ನೆರಡು ಸಾವಿರಕ್ಕೆ, ತಿಳಿದೂ ತಿಳಿದೂ, ಕಡಮೆಯದಾದ ಕ್ಯಾಮರಾವನ್ನು ಕೊಂಡು ಮನೆಗೆ ಬಂದೆ. ಆ ರಾತ್ರಿ ನಿಕಾನು ಕನಸಿನಲ್ಲಿ ಬರಲಿಲ್ಲವೆಂದರೆ ಸುಳ್ಳಾದೀತು.

ಸ್ಪಂಜಿನ ಚಿಕಿತ್ಸೆ ಸುರೇಬಾನದಲ್ಲಿಯೇ ನಡೆಯಿತು. ಸ್ಪಿರಿಟ್ ಹಚ್ಚಿ ಹಳೆಯ ಅಂಟನ್ನೆಲ್ಲ ಕಡ್ಡಿಯಿಂದ ಕೆರೆದು ತೆಗೆದೆ. ಆ ಸಂದಿಗೆ ಕರಿಯ ನೂಲು ತುಂಬುವುದು ಕ್ಯಾಮರಾ ದುರಸ್ತಿಯವರಿಗೆ ಗೊತ್ತಿರುವ ಉಪಾಯ. ನೂಲಿಗೆ ಆ ಮನೆಯಲ್ಲಿ ಬರವೆ? ಮಾವ ಕನ್ನಡಕವೇರಿಸಿ, ಕರಿ ನೂಲಿನ ಎಳೆಗಳನ್ನು ಹುರಿಮಾಡಿ, ಸಂದಿನ ಅಗಲ ನೋಡಿ ಮತ್ತೆರಡು ಎಳೆ ಸೇರಿಸಿ, ನನಗಿಂತ ನೀಟಾಗಿ ಅದನ್ನು ಕೂಡಿಸಿದ. "ಜಪಾನದಾವ್ರಿಗೂ ಕಡೀಕ ನಮ್ಮ ನೂಲ ಬೇಕಾತು ನೋಡು" ಎಂದು ನಕ್ಕ.

ಮೊದಲ ಸುರುಳಿಯನ್ನು ಪರೀಕ್ಷಾರ್ಥವಾಗಿ ಶಬರಿಕೊಳ್ಳದಲ್ಲಿ ಮುಗಿಸಿದೆ. ಬಿಸಿಲು, ಬಂಡೆ, ನೀರಿನ ಹೊಳಪು, ಗುಡಿಯೊಳಗಿನ ಮಬ್ಬು, ಎಲ್ಲವೂ ಒಂದೆಡೆ ಸಿಗುವ ಸ್ಥಳ ಅದು. ಮಾಪಕದ ಒಂದು ಮೂಢನಂಬಿಕೆ ಅಲ್ಲಿ ಚೆನ್ನಾಗಿ ಗೊತ್ತಾಯಿತು. ಎದುರಿಗಿರುವುದೆಲ್ಲ ನಡುಬೂದು ಬಣ್ಣದ್ದೆಂದೇ ಅದು ತಿಳಿಯುತ್ತದೆ. ಬಿಳಿಯ ಧೋತರವನ್ನೂ ಬೂದು ಮಾಡುತ್ತದೆ, ಕರಿಯ ಕಂಬಳಿಯನ್ನೂ ಬೂದು ಮಾಡುತ್ತದೆ. ನಿಕಾನ್ ಆಗಿದ್ದರೂ ಇದೇ ಕತೆ. ಹತ್ತಿರ ಹೋಗಿ ಮುಖವನ್ನೋ ಅಂಗೈಯನ್ನೋ ಅಳೆದು, ಅಂಗೈಯ ಬಿಳುಪಿಗೆ ಒಂದು ಮೆಟ್ಟಲು ಹೆಚ್ಚು ಬೆಳಕು ಕೊಟ್ಟು, ಆಮೇಲೆ ಹಿಂದೆ ಸರಿದು ಚಿತ್ರ ತೆಗೆಯಬೇಕು. ಸುರುಳಿ ತೊಳೆದು ಬಂದಾಗ ನೂಲಿನ ಬಂದೋಬಸ್ತಿನಲ್ಲಿ ಎಲ್ಲಿಯೂ ಬೆಳಕು ಸೋರಿರಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಮುಂಚೆ ಮಗ್ಗದ ಮುಂದೆ ಕುಳಿತೆ. ಇಲ್‌ಫರ್ಡಿನ ಎಚ್.ಪಿ.-5 ಕಪ್ಪು-ಬಿಳುಪು ಫಿಲಂ, ಎಫ್/2, 1/30. ಕಿಟಕಿಯ ಬೆಳಕು ಹಾಸಿನ ಮೇಲೆ ಮಲಗಿತ್ತು. ಸೂಜಿ, ನಾನು ಅಂಜಿದ್ದಂತೆಯೇ, ಕತ್ತಲೆಯಲ್ಲಿ ಕಾಣಲಿಲ್ಲ. ಕಿಟಕಿಯತ್ತ ತಿರುಗಿಸಿ ಸೂಜಿ ಎಲ್ಲಿದೆಯೆಂದು ಕಂಡುಕೊಂಡು ಮತ್ತೆ ಇತ್ತ ತಿರುಗಬೇಕಾಯಿತು. ಲಾಳಿಯಂತೂ 1/30ಕ್ಕೆ ಸಿಗುವ ಪ್ರಾಣಿಯಲ್ಲ. ಮಾವನ ಕೈಯೂ ಕಲಸಿಹೋಗುತ್ತಿತ್ತು. ತುಸು ನಿಧಾನಿಸೆಂದು ಮೂರು ಸಲ ಹೇಳಿದ ಮೇಲೆ ಮಾವನಿಗೆ ರೇಗಿತು.

"ಮಗ್ಗ ನಡಸಿದ್ರ ಫೋಟೋ ಅಲಗಾಡತೈತಿ ಅಂತಿ. ನಿಲ್ಲಿಸಿದ್ರ ಅದು ಮಗ್ಗನ ಅಲ್ಲ. ಏನ ಮಾಡ್ಲಿ ಹೇಳು?"

ಉತ್ತರ ಕೊಟ್ಟದ್ದು ಕಣ್ಣಲ್ಲ, ಕಿವಿ. ಹಲಗೆ ಎದೆಯ ಕಡೆಗೆ ಬಂದು ಹೊಕ್ಕನ್ನು ಬಡಿಯುತ್ತದಲ್ಲ, ಆ 'ಟಪ್' ಎಂಬಲ್ಲಿ ಕೈ, ಹಲಗೆ, ಮೈ ಎಲ್ಲವೂ ತಿರುಗುವ ಮುನ್ನ ಒಂದು ಗಳಿಗೆ ನಿಂತಿರುತ್ತವೆ. ಸಪ್ಪಳ ಕೇಳಿದ ಮೇಲೆ ಒತ್ತಿದರೆ ತಡವಾಯಿತು. ಸಪ್ಪಳದೊಡನೆ ಒತ್ತಬೇಕು, ತಬಲಾದವನು ಸಮಕ್ಕೆ ಬರುವಂತೆ. ಎರಡು ಸುರುಳಿ ಇದನ್ನು ಕಲಿಯುವುದರಲ್ಲಿಯೇ ಹೋಯಿತು. ಇಪ್ಪತ್ತಾರು ಸಾವಿರ ಉಳಿಸಿದ್ದು ನನಗೆ ದಕ್ಕಿದ್ದು ಅಲ್ಲಿ: ಮೂರನೆಯ ಸುರುಳಿಯನ್ನು, ನಾಲ್ಕನೆಯದನ್ನು ಎಣಿಸದೆ ಹಾಕಿದೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಬಾಳೆಲ್ಲ ಸಾಮಾನ್ಯ ಜನರ ಕೆಲಸದ, ಬಿಡುವಿನ ಚಿತ್ರಗಳನ್ನು ತೆಗೆದವರು. ಅವರ ಚಿತ್ರಗಳನ್ನು ನೋಡುವಾಗ ಕೈಯಲ್ಲಿ ಯಾವ ಕ್ಯಾಮರಾ ಇತ್ತೆಂದು ಕೇಳಬೇಕೆಂದೇ ತೋರುವುದಿಲ್ಲ. ಎಷ್ಟು ಹೊತ್ತು ಅಲ್ಲಿ ಕುಳಿತಿದ್ದರೆಂದು ಕೇಳಬೇಕೆನ್ನಿಸುತ್ತದೆ.

ಆದರೂ ಒಂದು ಸೋಲನ್ನು ಮುಚ್ಚಿಡಲಾರೆ. ಪಾಡ್ಯದ ಮಧ್ಯಾಹ್ನ, ಪೂಜೆ ಮುಗಿದು, ಬಿಚ್ಚಿದ ಮಗ್ಗದ ಮರಗಳನ್ನು ಅಂಗಳದಲ್ಲಿ ಒಟ್ಟಿದ್ದಾಗ, ಹೊಸ ರುಮಾಲು ಸುತ್ತಿದ ಮಾವ ತಾನಾಗಿಯೇ ಬಂದು ಅವುಗಳ ಪಕ್ಕದಲ್ಲಿ ನಿಂತ. "ಇದನ್ನೊಂದು ತಗಿ" ಎಂದ. ನೆತ್ತಿಯ ಮೇಲೆ ಸೂರ್ಯ. ನೆರಳಿಗೆ ಬಾ ಎಂದರೆ ಮರಗಳನ್ನೂ ಹೊರಬೇಕು. ಕೇಳಲು ನನಗೆ ಬಾಯಿ ಬರಲಿಲ್ಲ. ತೆಗೆದೆ. ಚಿತ್ರದಲ್ಲಿ ರುಮಾಲಿದೆ, ಮೀಸೆಯಿದೆ, ಮರಗಳ ಮೇಲಿನ ಕೈಯ ಒಂದೊಂದು ನರವೂ ಇದೆ. ಕಣ್ಣುಗಳಿಲ್ಲ. 1/250ರ ಆ ಇನ್ನೊಂದು ಕ್ಯಾಮರಾ, ಒಂದು ಮಿಂಚುದೀಪ ಇದ್ದಿದ್ದರೆ ಇರುತ್ತಿದ್ದವು.

ಮಗ್ಗದ ಚಿತ್ರಗಳಲ್ಲಿ ಎಂಟು ಉಳಿಯತಕ್ಕವು. ಅವುಗಳಲ್ಲೊಂದನ್ನು ದೊಡ್ಡದಾಗಿ ಮುದ್ರಿಸಿ ಕಟ್ಟು ಹಾಕಿಸಿ ಒಯ್ದೆ. ಕುಣಿ ಇದ್ದಲ್ಲಿ ಫರಸಿ ಬಿದ್ದಿತ್ತು, ಅದರ ಮೇಲೆ ಒಂದು ಕುರ್ಚಿ. ಮಾವ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು, ಕನ್ನಡಕ ಒರೆಸಿ, ಚಿತ್ರವನ್ನು ಮೊಣಕಾಲ ಮೇಲಿಟ್ಟುಕೊಂಡ. ತನ್ನ ಮುಖವನ್ನು ನೋಡಲೇ ಇಲ್ಲ. ಬೆರಳು ನೇರವಾಗಿ ಮಗ್ಗದ ಮೇಲಿನ ಬಟ್ಟೆಗೆ ಹೋಯಿತು, ಅಂಚಿನಿಂದ ಒಂದು ಗೇಣಿನಾಚೆ ನಿಂತಿತು.

"ಇಲ್ಲಿ ನೋಡು, ಒಂದ ಎಳಿ ತಪ್ಪೈತಿ. ಅವತ್ತ ನನಗ ಕಾಣಲಿಲ್ಲ."

ಆ ಸೀರೆ ಅಷ್ಟರಲ್ಲಾಗಲೇ ಮಾರಾಟವಾಗಿ ಹೋಗಿತ್ತು.